ಬೆಂಗಳೂರಿನ ಹಳೇ ಶಾಸನ ಓದುವುದು ಹೇಗೆ?

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಯಾರನ್ನೇ ಕೇಳಿ, ವೀರಬಲ್ಲಾಳ, ಮುದುಕಿ, ಬೆಂದ ಕಾಳು ಅಂತ ಶುರು ಮಾಡುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಬಲ್ಲಾಳ ಪಟ್ಟಕ್ಕೆ ಬಂದದ್ದು 12ನೇ ಶತಮಾನದ ಕೊನೆಯಲ್ಲಿ. ಬೇಗೂರು ನಾಗೇಶ್ವರ ದೇವಸ್ಥಾನದ ಶಾಸನ ಸುಮಾರು 890ರದು, ಅದರಲ್ಲಿ ಆಗಲೇ ಬೆಂಗಳೂರು ಕಾಳಗದ ಸುದ್ದಿ ಇದೆ! ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ರಿಟೈರ್ ಆದವನು. ಬಾಯಿಮಾತಿಗೂ ಬರಹಕ್ಕೂ ತಾಳೆ ಬೀಳದಿದ್ದರೆ ನನ್ನ ಓಟು ಬರಹಕ್ಕೇ.

ಕಲ್ಲು ಹುಡುಕಲು ಮಾತ್ರ ಬಾಯಿಮಾತೇ ಗತಿ. 'ಶಾಸನ ಎಲ್ಲಿದೆ' ಅಂದರೆ ಜನ ಮುಖ ಮುಖ ನೋಡುತ್ತಾರೆ. 'ತಾತ, ಇಲ್ಲಿ ಅಕ್ಷರ ಇರೋ ಕಲ್ಲು ಇದ್ಯಾ?' ಅಂತ ಕೇಳಿ. ಹಳೇ ಗುಡಿ, ಕೆರೆ ಏರಿ, ಅರಳಿಕಟ್ಟೆ ಬಿಡಬೇಡಿ.

ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿಗೆ ಅಕ್ಷರದ ಗೀರಿನಲ್ಲಿ ನೆರಳು ಕೂರುತ್ತದೆ, ಓದಲು ಬರುತ್ತದೆ. ನಡುಮಧ್ಯಾಹ್ನ ಅದೇ ಕಲ್ಲು ಬರೀ ಬಂಡೆ. ಕಲ್ಲು ನೆರಳಿನಲ್ಲಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಎದುರಿನಿಂದಲ್ಲ. ಧೂಳಿಗೆ ಮೆತ್ತನೆ ಬ್ರಷ್, ಬರೀ ನೀರು ಸಾಕು. ತಂತಿ ಬ್ರಷ್, ಸೀಮೆಸುಣ್ಣ, ಪೇಂಟು ಬೇಡವೇ ಬೇಡ. ಸಾವಿರ ವರ್ಷದ ಮಳೆ ಮಾಡದ ಹಾಳನ್ನು ಒಂದು ಡಬ್ಬಿ ಪೇಂಟು ಮಾಡುತ್ತದೆ.

ಇಡೀ ಕಲ್ಲಿನದು ಒಂದು ಫೋಟೊ, ಆಮೇಲೆ ಸಾಲು ಸಾಲಾಗಿ ಹತ್ತಿರದಿಂದ ತೆಗೆಯಿರಿ. ಮೊದಲು 'ಸ್ವಸ್ತಿ ಶ್ರೀ' ಹುಡುಕಿ. ಎಷ್ಟೋ ಶಾಸನ ಹಾಗೇ ಶುರುವಾಗುತ್ತವೆ. ಅಷ್ಟು ಗುರುತು ಹಿಡಿದರೆ ಸ, ವ, ತ, ಶ, ರ ಆಗಿನ ಕಾಲದಲ್ಲಿ ಹೇಗಿದ್ದವು ಅಂತ ಗೊತ್ತಾಯಿತು ಅಲ್ವಾ, ಮುಂದಿನ ಸಾಲುಗಳಲ್ಲಿ ಅವನ್ನೇ ಹುಡುಕುತ್ತಾ ಹೋಗಿ. ಶಕ ವರ್ಷ (ಹಳೇ ಕಾಲದ ವರ್ಷದ ಲೆಕ್ಕ) ಸಿಕ್ಕರೆ 78 ಕೂಡಿಸಿ, ಈಗಿನ ಲೆಕ್ಕದ ಇಸವಿ ಸಿಗುತ್ತದೆ. ಶಕ 1265 ಅಂದರೆ ಸುಮಾರು 1343. ಒಂದಕ್ಷರವೂ ಗುರುತು ಸಿಗದಿದ್ದರೆ ಅದು ತಮಿಳು ಇರಬಹುದು. ದೊಮ್ಮಲೂರು ಚೊಕ್ಕನಾಥ ದೇವಸ್ಥಾನದಲ್ಲಿ ಅಂಥವು ಇವೆ.

ಓದಿದ್ದನ್ನು ತಾಳೆ ನೋಡಲು ಶಾಸನತಜ್ಞ ಬಿ. ಎಲ್. ರೈಸ್ 1905ರಲ್ಲಿ ಅಚ್ಚು ಹಾಕಿಸಿದ, ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ (ಶಾಸನ ಸಂಗ್ರಹದ ಪುಸ್ತಕಮಾಲೆ) 9ನೇ ಸಂಪುಟ ಇದೆ. ಅದರಲ್ಲಿರುವ ಎಷ್ಟೋ ಕಲ್ಲುಗಳು ಈಗ ಇಲ್ಲ. ರೈಸ್ ಬರೆದಿಟ್ಟ ಸಾಲುಗಳಷ್ಟೇ ಉಳಿದಿವೆ.

ಆ ಸಂಪುಟದಲ್ಲಿ ಇಲ್ಲದ ಕಲ್ಲು ಸಿಕ್ಕಿತೋ, ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಗೆ ತಿಳಿಸಿ. ಈ ಸುತ್ತಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವ ಕೆಲಸ ಅವರು ಮಾಡಿದ್ದಾರೆ. ಸುಮ್ನೆ ಫೋನಿನಲ್ಲಿ ಹೇಳಿ ಬಿಡಬೇಡಿ. ಫೋಟೊ, ಜಾಗ, ತಾರೀಕು, ನೀವು ಓದಿದ ಸಾಲು ಎಲ್ಲ ಬರೆದೇ ಕೊಡಿ.