ಡೆಕ್ ಮೇಲೆ ಟೆಂಟ್ ಹಾಕ್ಕೊಂಡು ಅಲಾಸ್ಕಾಗೆ

ಸಿಯಾಟಲ್‌ನಲ್ಲಿ ನಮ್ಮೋರೆಲ್ಲ ಅಲಾಸ್ಕಾ ಅಂದ್ರೆ ಕ್ರೂಸ್ ಅಂತಾರೆ, ನಮಗೆ ಅಷ್ಟು ದುಡ್ಡೂ ಇರ್ಲಿಲ್ಲ, ಆ ಬಫೆ ಗದ್ದಲಾನೂ ಬೇಕಿರ್ಲಿಲ್ಲ. ನಾನು ನನ್ನ ಹೆಂಡ್ತಿ ಜೂನಲ್ಲಿ ಅಲಾಸ್ಕಾ ಸರ್ಕಾರದ ಫೆರೀಲಿ, ಅಂದ್ರೆ ಜನಾನೂ ಕಾರನ್ನೂ ಸಾಗಿಸೋ ಹಡಗಲ್ಲಿ ಹೋದ್ವಿ. 1963ರಿಂದ ಓಡ್ತಿದೆ, ಅಲ್ಲಿನೋರಿಗೆ ಅದು ನಮ್ಮ ಕೆಂಪು ಬಸ್ ಇದ್ದಂಗೆ, ಯಾಕಂದ್ರೆ ರಾಜಧಾನಿ ಜೂನೋಗೇ ಹೊರಗಿಂದ ರಸ್ತೆ ಇಲ್ಲ.

ಸಿಯಾಟಲ್‌ಗೆ ಉತ್ತರಕ್ಕಿರೋ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಶುಕ್ರವಾರ ಸಂಜೆ ಹತ್ತಿದ್ರೆ ಅಲಾಸ್ಕಾದ ಕೆಚಿಕನ್ ಊರು ಬರೋದು ಭಾನುವಾರ ಬೆಳಗ್ಗೆ. ಕ್ಯಾಬಿನ್ ತಗೊಳ್ಲಿಲ್ಲ, ಡೆಕ್ ಮೇಲೆ ಟೆಂಟ್ ಹಾಕ್ಕೋಬಹುದು. ಗೂಟ ಹೊಡೆಯಕ್ಕೆ ಅದೇನು ಮಣ್ಣಾ, ಡಕ್ಟ್ ಟೇಪ್‌ನಲ್ಲಿ ಅಂಟಿಸೋದು! ನಾನು ಒದ್ದೆ ಡೆಕ್ ಒರೆಸ್ದೇನೇ ಅಂಟಿಸಿದ್ದೆ, ರಾತ್ರಿ ಒಂದು ಗಂಟೆಗೆ ಎರಡು ಮೂಲೆ ಕಿತ್ಕೊಂಡು ಟೆಂಟು ಪಟಪಟ ಅಂತ ಮುಖಕ್ಕೆ ಹೊಡೀತಿತ್ತು, ಪಕ್ಕದ ಟೆಂಟಿನ ಅಜ್ಜ ಎದ್ದು ಬಂದು ಏನೂ ಮಾತಾಡ್ದೆ ಒಂದು ಹಳೇ ಟವೆಲ್ ಕೊಟ್ಟು ಹೋದ. ಒರೆಸಿ ಅಂಟಿಸಿದ್ಮೇಲೆ ಅಲ್ಲಾಡ್ಲಿಲ್ಲ. ಟೆಂಟ್ ಇಲ್ದಿದ್ರೆ ಸೋಲಾರಿಯಂ ಅಂತ ಇದೆ, ಮೇಲೆ ಗಾಜಿನ ಮಾಡು, ಹೀಟರ್, ಮಲಗೋ ಕುರ್ಚಿ. ಆದ್ರೆ ಬಾಗಿಲು ತೆಗೆದ ತಕ್ಷಣ ಓಡಬೇಕು, ರೈಲಲ್ಲಿ ಟವೆಲ್ ಹಾಕ್ತೀವಲ್ಲ ಹಂಗೆ.

ಇನ್ನೊಂದು ಪೆದ್ದತನ, ಚಪಾತಿ ಚಟ್ನಿಪುಡಿ ಡಬ್ಬಿ ಕಾರಲ್ಲೇ ಬಿಟ್ಟಿದ್ದೆ. ಹಡಗು ಹೊರಟ್ಮೇಲೆ ಕಾರ್ ಡೆಕ್ ಬೀಗ, ಅವ್ರು ಮೈಕಲ್ಲಿ ಕರೆದಾಗ ಮಾತ್ರ ಇಳಿಯಕ್ಕೆ ಬಿಡ್ತಾರೆ. ಅಲ್ಲೀವರೆಗೂ ಕ್ಯಾಂಟೀನ್ ಬಿಸಿನೀರಲ್ಲಿ ಅವಲಕ್ಕಿ ನೆನೆಸ್ಕೊಂಡು ತಿಂದ್ವಿ. ಹೆಂಡ್ತಿ ಬೈಯೋದು ನಿಲ್ಲಿಸಿದ್ದು ಕ್ವೀನ್ ಶಾರ್ಲಟ್ ಸೌಂಡ್ ಅನ್ನೋ ಸಮುದ್ರದ ಭಾಗ ಬಂದಾಗ, ಅದೂ ಮಾತಾಡೋ ಶಕ್ತಿ ಇಲ್ದೇ. ಮಿಕ್ಕ ದಾರಿ ಬಹುಪಾಲು ದ್ವೀಪಗಳ ಮರೆ, ಇಲ್ಲಿ ಪೆಸಿಫಿಕ್ ಅಲೆ ನೇರ ಬಡಿಯುತ್ತೆ. ನಿಂಬೆ ಉಪ್ಪಿನಕಾಯಿ ಚೀಪ್ತಾ ಕೂತಿದ್ಲು.

ಇಷ್ಟೆಲ್ಲ ಮರೆಸಿದ್ದು ಪೀಟರ್ಸ್‌ಬರ್ಗ್ ಹತ್ರದ ರ‍್ಯಾಂಗಲ್ ನ್ಯಾರೋಸ್. ಸುಮಾರು 22 ಮೈಲಿ ಉದ್ದದ ನೀರಿನ ಓಣಿ, ಉಬ್ಬರ ನೋಡ್ಕೊಂಡೇ ಹಡಗು ಒಳಗೆ ಬಿಡ್ತಾರೆ, ಕೆಂಪು ಹಸಿರು ಗುರುತುಗಳ ಮಧ್ಯೆ ಅಷ್ಟು ದೊಡ್ಡ ಹಡಗು ಎತ್ತಿನಗಾಡಿ ಥರ ತಿರುಗಿ ತಿರುಗಿ ಹೋಗುತ್ತೆ. ಒಂದು ಮನೆ ಜಗಲಿ ಮೇಲಿದ್ದ ನಾಯಿ ನಮ್ಮನ್ನ ನೋಡಿ ಬೊಗಳಿದ್ದೂ ಕೇಳಿಸ್ತು.

ಟೆಂಟಿನ ತಳದಲ್ಲಿ ಆ ಟೇಪಿನ ಗೋಂದು ಇನ್ನೂ ಹೋಗಿಲ್ಲ.