ಪರ್ಮಿಷನ್ ಕೊಡ್ತೀನಿ ಅಂದವರು, ಮತ್ತೆ 92 ರೂಪಾಯಿ ದೋಸೆ

ಮೂರು ವರ್ಷದಿಂದ ಬೆಂಗಳೂರಲ್ಲಿ ಡೇಟಿಂಗ್ ಮಾಡುತ್ತಿದ್ದೇನೆ. ನಾನು ಸ್ತ್ರೀವಾದಿ, ಅದನ್ನು ಪ್ರೊಫೈಲ್‌ನಲ್ಲೇ ಬರೆದಿದ್ದೇನೆ. ಮೊದಲ ವರ್ಷ ಯಾರನ್ನು ಭೇಟಿ ಮಾಡಿದರೂ ಅದು ಚರ್ಚಾಸ್ಪರ್ಧೆ ಆಗುತ್ತಿತ್ತು, ಮನೆಗೆ ಬರುವಷ್ಟರಲ್ಲಿ ತಲೆನೋವು. ಈಗ ಎಷ್ಟೋ ಸಲ ನಗುತ್ತಾ ಬರುತ್ತೇನೆ. ಪಾಠ ಹೇಳೋದು ಬಿಟ್ಟು ಪ್ರಶ್ನೆ ಕೇಳೋಕೆ ಶುರು ಮಾಡಿದ ಮೇಲೆ ಇದು ಬದಲಾಯಿತು.

ಹಾಗೆ ಮೊದಲು ಆಗಿದ್ದು ಬಸವನಗುಡಿಯ ಒಂದು ದರ್ಶಿನಿಯಲ್ಲಿ. ಕ್ಯಾಶ್ ಕೌಂಟರ್ ಹತ್ತಿರ ನಾನು ಫೋನ್ ತೆಗೆಯುವ ಮೊದಲೇ ಭೇಟಿಗೆ ಬಂದಿದ್ದ ಹುಡುಗ ಸ್ಕ್ಯಾನ್ ಮಾಡಿಬಿಟ್ಟ. "ಹುಡುಗೀರ ಹತ್ರ ನಾನು ದುಡ್ಡು ತಗೊಳ್ಳಲ್ಲ." ಸರಿ, ಬಿಟ್ಟೆ. ಎರಡು ಮಸಾಲೆ ದೋಸೆ, ಒಂದು ಬೈ ಟೂ ಕಾಫಿ. ದೋಸೆ ಅರ್ಧ ಮುಗಿದಿರಲಿಲ್ಲ, ಶಕ್ತಿ ಯೋಜನೆ ಮಾತು ಬಂತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯಿತಲ್ಲ, ಆಮೇಲೆ ನಾನು ಭೇಟಿಯಾದ ಗಂಡಸರಲ್ಲಿ ಜಾಸ್ತಿ ಜನ ಇದನ್ನು ಒಂದು ಸಲ ಎತ್ತೇ ಎತ್ತುತ್ತಾರೆ: "ಸಮಾನತೆ ಅಂತೀರ, ಬಸ್ ಮಾತ್ರ ಫ್ರೀ ಬೇಕಾ?" ಮೊದಲಾಗಿದ್ದರೆ ಗಾರ್ಮೆಂಟ್ಸ್‌ಗೆ ಹೋಗೋರು, ಮನೆಕೆಲಸಕ್ಕೆ ಹೋಗೋರು, ಅವರ ಸಂಬಳದಲ್ಲಿ ಬಸ್ ಚಾರ್ಜ್ ಎಷ್ಟು ತಿಂದುಹಾಕುತ್ತಿತ್ತು ಅಂತ ಇಪ್ಪತ್ತು ನಿಮಿಷ ಹೇಳುತ್ತಿದ್ದೆ. ಅವತ್ತು ಇಷ್ಟೇ ಕೇಳಿದೆ: "ನಿಮ್ಮಮ್ಮ ಬಸ್ಸಲ್ಲಿ ಓಡಾಡ್ತಾರಾ?"

"ಹೂಂ, ತಿಂಗಳಿಗೆ ಎರಡು ಸಲ ಅಜ್ಜಿ ಮನೆಗೆ ಹೋಗ್ತಾರೆ."

"ಮೊದಲು?"

"ಮೊದಲು ಅಪ್ಪ ದುಡ್ಡು ಕೊಟ್ಟಾಗ ಹೋಗ್ತಿದ್ರು."

ತಾನೇ ಹೇಳಿ ತಾನೇ ಸುಮ್ಮನಾದ. ಚಟ್ನಿ ತರ್ತೀನಿ ಅಂತ ಹೋದವನು ಐದು ನಿಮಿಷ ಬರಲಿಲ್ಲ. ರಾತ್ರಿ ಫೋನ್‌ಗೆ ಯುಪಿಐ ರಿಕ್ವೆಸ್ಟ್ ಬಂತು, 92 ರೂಪಾಯಿ, ಕೆಳಗೆ "ದೋಸೆ" ಅಂತ ಬರೆದಿತ್ತು. ಕಾಫಿಯನ್ನೂ ಸರಿಯಾಗಿ ಅರ್ಧ ಮಾಡಿದ್ದ. ನನ್ನ ತಂಗಿ ಮಂಚದಿಂದ ಬೀಳುವ ಹಾಗೆ ನಕ್ಕಳು, ನಾನೂ ನಕ್ಕೆ. ಖುಷಿಯಿಂದಲೇ ಕಳಿಸಿದೆ. ನನ್ನ ಪಾಲು ನಾನು ಕೊಡಬೇಕು ಅನ್ನೋದೇ ನನ್ನ ಆಸೆ ಅಲ್ವಾ, ಸಂಜೆ ಆಗದಿದ್ದದ್ದು ರಾತ್ರಿ ಆಯಿತು.

ಆಮೇಲಿಂದ ತಂಗಿ, ಇಬ್ಬರು ಗೆಳತಿಯರು, ನಾನು ತಿಂಗಳಿಗೊಂದು ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಸೇರುತ್ತೇವೆ, ಕಡಲೆಕಾಯಿ ತಿಂದುಕೊಂಡು ಕಥೆ ಹೇಳುತ್ತೇವೆ. ಬಂಬಲ್ ಅನ್ನೋ ಡೇಟಿಂಗ್ ಆ್ಯಪ್‌ನಲ್ಲಿ ಗಂಡು, ಹೆಣ್ಣು ಇಬ್ಬರೂ ಇಷ್ಟ ಅಂತ ಒತ್ತಿದ ಮೇಲೆ ಹೆಣ್ಣೇ ಮೊದಲು ಮಾತು ಶುರು ಮಾಡಬೇಕು ಅಂತ 2024ರವರೆಗೆ ನಿಯಮ ಇತ್ತು, ಅದಕ್ಕೆ 24 ಗಂಟೆ ಟೈಮು. 2018ರ ಕೊನೆಗೆ ಇಲ್ಲಿಗೆ ಬಂದಾಗಿಂದ ಅದು ಹೆಸರು ಮಾಡಿದ್ದೇ ಈ ನಿಯಮದಿಂದ. ನನ್ನ ಗೆಳತಿ ಒಬ್ಬನಿಗೆ ಹಾಯ್ ಅಂದಿದ್ದಕ್ಕೆ ಆತ, "ನೀವೇ ಮೊದಲು ಮೆಸೇಜ್ ಮಾಡಿದ್ರಿ, ತುಂಬಾ ಬೋಲ್ಡ್" ಅಂದನಂತೆ. ಅವತ್ತು ಕಡಲೆಕಾಯಿ ಗಂಟಲಿಗೆ ಸಿಕ್ಕಿಹಾಕಿಕೊಂಡಿತ್ತು.

ಒಂದು ವಿಷಯ ಮಾತ್ರ ನಾವು ಕಲಿತು ಸರಿಮಾಡಿಕೊಂಡೆವು. ಯಾರ ಹೆಸರು, ಫೋಟೋ, ಚಾಟ್ ತೋರಿಸೋದಿಲ್ಲ. ರೂಪ, ಸಂಬಳ, ಇಂಗ್ಲಿಷ್ ಬಗ್ಗೆ ನಗೋದಿಲ್ಲ. ಹಾಸನದ ಕಡೆಯ ಒಬ್ಬರು ದಿನಾ "ಮೇಡಂ ಊಟ ಆಯ್ತಾ?" ಅಂತ ಕಳಿಸುತ್ತಿದ್ದರು. ಅದಕ್ಕೆ ನಾವು ನಕ್ಕಿದ್ದೆವು. ಮನೆಗೆ ಬಂದ ಮೇಲೆ ನನಗೆ ಬೇಜಾರಾಯಿತು. ನಮ್ಮ ಭಾಷೆಯಲ್ಲಿ ಪ್ರೀತಿ ಇದ್ದವರು ಮೊದಲು ಕೇಳೋದೇ ಅದನ್ನು. ಅಜ್ಜಿ ಫೋನ್ ಎತ್ತಿದ ಕೂಡಲೇ ಕೇಳುತ್ತಿದ್ದಳು. ಅವರ ಜೊತೆ ಮಾತು ಮುಂದೆ ಹೋಗಲಿಲ್ಲ, ಆದರೆ ಅಷ್ಟು ಮರ್ಯಾದೆಯಿಂದ "ಇಷ್ಟ ಇಲ್ಲ ಅಂದ್ರೆ ಪರವಾಗಿಲ್ಲ ಮೇಡಂ" ಅಂದವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ. ದರ್ಪ ಇದ್ದ ಕಡೆ ನಗಬೇಕು, ಮುಗ್ಧತೆ ಇದ್ದ ಕಡೆ ಬೇಡ ಅಂತ ಆಮೇಲೆ ನಾವೇ ಮಾತಾಡಿಕೊಂಡೆವು. ಹೆದರಿಸಿದವರ ಕಥೆಗೂ ನಗೋದಿಲ್ಲ. ಭೇಟಿಗೆ ಹೋಗುವಾಗ ಲೊಕೇಶನ್ ತಂಗಿಗೆ ಕಳಿಸಿಯೇ ಹೋಗುತ್ತೇನೆ, ಅದರಲ್ಲಿ ತಮಾಷೆ ಇಲ್ಲ.

ಹೋದ ತಿಂಗಳು ಒಬ್ಬರು ಎರಡನೇ ಭೇಟಿಯಲ್ಲೇ ಹೇಳಿದರು: "ಮದುವೆ ಆದ್ಮೇಲೂ ನೀವು ಕೆಲಸಕ್ಕೆ ಹೋಗಬಹುದು, ನಾನು ಪರ್ಮಿಷನ್ ಕೊಡ್ತೀನಿ." ಒಳ್ಳೆ ಮನಸ್ಸಿಂದಲೇ ಹೇಳಿದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ನೀವು ಕೆಲಸಕ್ಕೆ ಹೋಗೋಕೆ ಯಾರು ಪರ್ಮಿಷನ್ ಕೊಟ್ರು?" ಅಂತ ಕೇಳಿದೆ. ಯೋಚನೆ ಮಾಡಿದರು, ಕಿವಿ ಕೆಂಪಾಯಿತು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಆ ನಗು ನನಗೆ ಇಷ್ಟವಾಯಿತು. ಮೂರನೇ ಸಲವೂ ಭೇಟಿ ಮಾಡಿದೆವು.

ಇದನ್ನು ಅಮ್ಮನಿಗೆ ಅಡುಗೆಮನೆಯಲ್ಲಿ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಟೈಪಿಂಗ್‌ನಲ್ಲಿ ಸೀನಿಯರ್ ಪಾಸ್ ಮಾಡಿದವಳು. 1992ರಲ್ಲಿ ಮದುವೆ ಆಗಿ ಬಂದ ಹೊಸದರಲ್ಲಿ, ಕೆಲಸಕ್ಕೆ ಸೇರಲಾ ಅಂತ ಕೇಳಿದ್ದಕ್ಕೆ ಅಪ್ಪ "ನೋಡೋಣ" ಅಂದಿದ್ದರಂತೆ. "ಇನ್ನೂ ನೋಡ್ತಾನೇ ಇದಾರೆ ಕಣೆ" ಅಂದಳು, ಅಂದು ಎಷ್ಟು ನಕ್ಕಳು ಅಂದರೆ ಕಣ್ಣಲ್ಲಿ ನೀರು ಬಂತು. ಸೆರಗಲ್ಲಿ ಕಣ್ಣು ಒರೆಸಿಕೊಂಡು, ಸೊಪ್ಪು ಪಕ್ಕಕ್ಕಿಟ್ಟು, ಹಾಲ್ ಕಡೆ ತಿರುಗಿ ಕರೆದಳು: "ರೀ, ಟಿವಿ ಆಫ್ ಮಾಡಿ ಬನ್ನಿ ಇಲ್ಲಿ, ನಿಮಗೂ ಒಂದು ಹೇಳ್ಬೇಕು."