ಪೇ ಸ್ಲಿಪ್ ಓದುತ್ತಾ ಸರ್ಕಾರವನ್ನು ಓದಿದ್ದು

"ರಾಜಕೀಯ ತಗೊಂಡು ನಮಗೇನಾಗಬೇಕಕ್ಕಾ" ಅನ್ನುವವರ ಹತ್ತಿರ ನಾನು ವಾದಕ್ಕೆ ನಿಲ್ಲುವುದಿಲ್ಲ. ಮಾರ್ಚ್ ತಿಂಗಳ ಸ್ಲಿಪ್ಪು, ಏಪ್ರಿಲ್ ತಿಂಗಳ ಸ್ಲಿಪ್ಪು ಎರಡೂ ತಗೊಂಡು ಭಾನುವಾರ ಬನ್ನಿ ಅನ್ನುತ್ತೇನೆ, ಅಷ್ಟೇ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ ದುಡಿದವಳು ನಾನು. ಈಗ ನಮ್ಮ ಏರಿಯಾದ ಹೆಂಗಸರ ಜೊತೆ ಕೂತು ಸ್ಲಿಪ್ ಓದಿಸುವ ಕೆಲಸ ಮಾಡುತ್ತೇನೆ. ಓದಿಸುವುದು ಅಂದರೆ ದೊಡ್ಡದೇನಲ್ಲ. ಬೇಸಿಕ್ ಅಂದರೆ ಮೂಲ ವೇತನ ಎಲ್ಲಿದೆ, ಡಿಎ ಅಂದರೆ ತುಟ್ಟಿಭತ್ಯೆ ಎಲ್ಲಿದೆ, ಪಿಎಫ್ ಅಂದರೆ ಭವಿಷ್ಯ ನಿಧಿಗೆ ಎಷ್ಟು ಹಿಡಿದಿದ್ದಾರೆ, ಆಸ್ಪತ್ರೆ ಖರ್ಚಿನ ವಿಮೆ ಇಎಸ್‌ಐಗೆ ಎಷ್ಟು, ಓಟಿ ಅಂದರೆ ಹೆಚ್ಚುವರಿ ಗಂಟೆಯ ದುಡ್ಡು ಬರೆದಿದ್ದಾರಾ ಇಲ್ಲವಾ. ಸ್ಲಿಪ್ ಇಂಗ್ಲಿಷಿನಲ್ಲಿ ಇರುತ್ತದೆ, ಅದೂ ತುಂಡು ತುಂಡು ಅಕ್ಷರಗಳಲ್ಲಿ. ಕೈಗೆ ಬಂದ ಕೊನೆಯ ಅಂಕಿ ಮಾತ್ರ ನೋಡಿ ಮಡಚಿಡುವುದು ಎಲ್ಲರಿಗೂ ಅಭ್ಯಾಸ.

ಮಾರ್ಚ್ ಮತ್ತು ಏಪ್ರಿಲ್ ಯಾಕೆ ಅಂದರೆ, ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುವುದು ಏಪ್ರಿಲ್ 1ಕ್ಕೆ. ಹಿಂದಿನ ವರ್ಷ ಬೆಲೆ ಎಷ್ಟು ಏರಿತು ಅಂತ ಸೂಚ್ಯಂಕ ನೋಡಿ ಡಿಎ ಏರಿಸುತ್ತಾರೆ. ಇದು ಮಾಲೀಕರು ಖುಷಿಯಿಂದ ಕೊಡುವ ಇನ್‌ಕ್ರಿಮೆಂಟ್ ಅಲ್ಲ. ಅಕ್ಕಿ, ಬೇಳೆ ಏರಿದ್ದಕ್ಕೆ ಸಂಬಳ ಹಿಂದಿನಿಂದ ಓಡಿಬಂದು ಮುಟ್ಟುವುದು. ಎರಡೂ ಸ್ಲಿಪ್ಪಿನಲ್ಲಿ ಡಿಎ ಒಂದೇ ಇದ್ದರೆ ಎಲ್ಲೋ ಏನೋ ಆಗಿದೆ ಅಂತ ಅರ್ಥ.

2020ರಲ್ಲಿ ಆಗಿತ್ತು. ಆ ವರ್ಷ ಏರಬೇಕಿದ್ದ ಡಿಎ ತಿಂಗಳಿಗೆ 417 ರೂಪಾಯಿ 60 ಪೈಸೆ. ಕೊರೊನಾ ಕಾರಣ ಕೊಟ್ಟು ರಾಜ್ಯ ಸರ್ಕಾರ ಜುಲೈನಲ್ಲಿ ಒಂದು ಆದೇಶ ಹೊರಡಿಸಿತು: ಈ ಏರಿಕೆ 2021ರ ಮಾರ್ಚ್ 31ರವರೆಗೆ ಮುಂದಕ್ಕೆ. ಒಂದು ಪುಟದ ವಿಷಯ. ಟಿವಿಯಲ್ಲಿ ಬರಲಿಲ್ಲ, ಬಂದಿದ್ದರೂ ನಾವು ಗಮನಿಸುತ್ತಿರಲಿಲ್ಲ.

ಸಭೆಯಲ್ಲಿ ಒಬ್ಬಳು ಅಂದಳು, "ನಾನೂರು ರೂಪಾಯಿಗೆ ಯಾರಕ್ಕಾ ಕೋರ್ಟಿಗೆ ಹೋಗ್ತಾರೆ?" ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಹಾಕಿದೆವು. ವರ್ಷಕ್ಕೆ 5,011 ರೂಪಾಯಿ. ಪಿಎಫ್‌ಗೆ ನಮ್ಮ ಪಾಲು ಶೇಕಡಾ 12, ಅಷ್ಟೇ ಕಂಪನಿಯದ್ದು. ಅದೂ ಬೇಸಿಕ್ ಮತ್ತು ಡಿಎ ಮೇಲೇ ಬರಬೇಕಾದ್ದು, ಅಲ್ಲೂ ಕಮ್ಮಿಯಾಯಿತು. ಓಟಿ ಡಬಲ್ ರೇಟು, ಅದಕ್ಕೂ ಇದೇ ಬುಡ. ಕೆಲಸ ಬಿಡುವಾಗ ದುಡಿದ ವರ್ಷ ಲೆಕ್ಕ ಹಾಕಿ ಕೊಡುವ ಗ್ರಾಚ್ಯುಟಿಗೂ ಕೊನೆಯ ಸಂಬಳವೇ ಲೆಕ್ಕ. ಅವಳೇ ಪೆನ್ನು ಕಿತ್ತುಕೊಂಡು, ತನ್ನ ಬ್ಯಾಚಿನಲ್ಲಿ ಎಷ್ಟು ಜನ, ಇಡೀ ಫ್ಯಾಕ್ಟರಿಯಲ್ಲಿ ಎಷ್ಟು ಜನ ಅಂತ ಗುಣಿಸಿದಳು. ಬಂದ ಮೊತ್ತವನ್ನು ಜೋರಾಗಿ ಓದಿದ ಮೇಲೆ ಯಾರೂ ನಾನೂರು ರೂಪಾಯಿ ಅನ್ನಲಿಲ್ಲ.

ಯೂನಿಯನ್ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಸಿಕ್ಕಿತು. ಆದರೆ ತಡೆ ಸಿಕ್ಕ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ನಮ್ಮಲ್ಲಿ ಹಲವರಿಗೆ ಬಾಕಿ ಬಂದಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಎಷ್ಟೋ ಜನ ಕೆಲಸ ಬಿಟ್ಟಿದ್ದರು. ಲಾಕ್‌ಡೌನ್‌ನಲ್ಲಿ ಊರಿಗೆ ಹೋದವರು ವಾಪಸ್ ಬಂದಿರಲಿಲ್ಲ. ಅವರನ್ನು ಹುಡುಕುವುದೇ ಒಂದು ಕೆಲಸವಾಯಿತು. ಹಳೇ ನಂಬರ್ ಸ್ವಿಚ್ ಆಫ್. ಆಗ ಪಕ್ಕದ ಮೆಷಿನ್‌ನಲ್ಲಿ ಕೂರುತ್ತಿದ್ದವಳನ್ನು ಕೇಳುವುದು, ಚೀಟಿ ನಡೆಸುತ್ತಿದ್ದವರ ಪುಸ್ತಕದಲ್ಲಿ ನಂಬರ್ ನೋಡುವುದು. ಚೀಟಿ ಪುಸ್ತಕದಷ್ಟು ಸರಿಯಾದ ದಾಖಲೆ ಫ್ಯಾಕ್ಟರಿಯ ಆಫೀಸಿನಲ್ಲೂ ಇರಲಿಕ್ಕಿಲ್ಲ! ಆಮೇಲಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಕೆಲಸ ಬಿಡುವಾಗ ಕೊನೆಯ ಸ್ಲಿಪ್ಪು, ಪಿಎಫ್ ಖಾತೆಯ ಯುಎಎನ್ ನಂಬರ್ ಎರಡನ್ನೂ ಫೋಟೋ ತೆಗೆದು ಯಾರಿಗಾದರೂ ಕಳಿಸಿಟ್ಟಿರಿ.

ಪಿಎಫ್ ವಿಷಯಕ್ಕೆ ಬಂದರೆ 2016ರ ಏಪ್ರಿಲ್ ನೆನಪಾಗದವರು ನಮ್ಮಲ್ಲಿ ಇಲ್ಲ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೆ ನಮ್ಮ ಪಾಲು ಮಾತ್ರ ಸಿಗುತ್ತದೆ, ಕಂಪನಿ ಕಟ್ಟಿದ ಪಾಲಿಗೆ 58 ವರ್ಷ ಆಗುವವರೆಗೆ ಕಾಯಬೇಕು ಅಂತ. ಕಾಗದದ ಮೇಲೆ ನೋಡಿದರೆ ಒಳ್ಳೆಯ ಯೋಚನೆ, ಮುಪ್ಪಿಗೆ ದುಡ್ಡು ಉಳಿಯುತ್ತದೆ. ಆದರೆ ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಮೆಷಿನ್ ತುಳಿಯುವವರನ್ನು ನೀವು ನೋಡಿದ್ದೀರಾ? ನಲವತ್ತು ದಾಟುವಷ್ಟರಲ್ಲಿ ಸೊಂಟ, ಕಣ್ಣು ಹೋಗಿರುತ್ತದೆ. ಮಗಳ ಮದುವೆ, ಮನೆ ಲೀಸು, ಬಡ್ಡಿ ಸಾಲ ತೀರಿಸುವುದು, ಎಲ್ಲಕ್ಕೂ ಇದ್ದದ್ದು ಪಿಎಫ್ ಒಂದೇ. ಆ ನಿಯಮ ಮಾಡಿದವರಿಗೆ ಕೆಲಸ ಅಂದರೆ ರಿಟೈರ್ ಆಗುವವರೆಗೆ ಇರುವಂಥದ್ದು. ನಮಗೆ ಹಾಗಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆ ಸೇರಿ ಹಲವು ಕಡೆ ಬೀದಿಗೆ ಇಳಿದರು. 19ರಂದೇ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ತಗೊಂಡಿತು. ಕಲ್ಲು ತೂರಾಟ, ಲಾಠಿ ಏಟು, ಕೇಸು ಎಲ್ಲವೂ ಆಯಿತು. ಗೆದ್ದೆವು ಅಂತ ಹೇಳುವಾಗ ಕೇಸಿಗೆ ಅಲೆದವರನ್ನೂ ನೆನೆಯಬೇಕು.

ಅದಕ್ಕೇ ನಿರ್ಧಾರ ಆದ ಮೇಲೆ ಬೀದಿಗೆ ಬರುವುದಕ್ಕಿಂತ ಆಗುವ ಮೊದಲೇ ಬಾಯಿ ಹಾಕೋಣ ಅಂತ ನನಗೆ ಅನಿಸಿದ್ದು. ಕನಿಷ್ಠ ವೇತನ ಬದಲಿಸುವಾಗ ಸರ್ಕಾರ ಮೊದಲು ಕರಡು ಅಧಿಸೂಚನೆ ಹೊರಡಿಸುತ್ತದೆ. 1948ರ ಕನಿಷ್ಠ ವೇತನ ಕಾಯ್ದೆಯ ಪ್ರಕಾರ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಸಮಯ ಕೊಡಬೇಕಿತ್ತು. ಮಾಲೀಕರ ಸಂಘದವರು ಆ ಎರಡು ತಿಂಗಳನ್ನು ಚೆನ್ನಾಗಿ ಬಳಸುತ್ತಾರೆ. ನಮ್ಮವರಿಗೆ ಕರಡು ಬಂದಿದ್ದೇ ಗೊತ್ತಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಕರಡು ಬಂದಾಗ ನಾವೂ ಬರೆಯಲು ಕೂತೆವು.

ವೇತನದ ಲೆಕ್ಕ ಹೇಗೆ ಮಾಡುತ್ತಾರೆ ಅಂತ ಮೊದಲು ಹೇಳಬೇಕಾಯಿತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಒಪ್ಪಿದ ಸೂತ್ರ: ಒಂದು ಸಂಸಾರ ಅಂದರೆ ಖರ್ಚಿನ ಲೆಕ್ಕಕ್ಕೆ ಮೂರು ಯೂನಿಟ್. ದುಡಿಯುವ ಗಂಡಸು 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಇದನ್ನು ಬೋರ್ಡಿನ ಮೇಲೆ ಬರೆದದ್ದೇ ತಡ, "ಲೈನ್ ಓಡಿಸೋಳು ನಾನು, ನಾನ್ಯಾಕೆ ಮುಕ್ಕಾಲು?" ಅಂತ ಹಿಂದಿನಿಂದ ಕೂಗು. ಗಂಡ ಬಿಟ್ಟು ಹೋದವರು, ಗಂಡ ಕುಡಿದು ಮಲಗಿರುವವರು ಅಲ್ಲೇ ಕೂತಿದ್ದರು. ಅವರ ಮನೆಯಲ್ಲಿ ದುಡಿಯುವ ಒಂದು ಯೂನಿಟ್ ಅವರೇ. ಅತ್ತೆ, ಅಪ್ಪ, ಅಮ್ಮ ಯಾವ ಲೆಕ್ಕದಲ್ಲೂ ಇಲ್ಲ. ಬಟ್ಟೆಗೆ ವರ್ಷಕ್ಕೆ ತಲೆಗೆ 18 ಗಜ. ಆರು ಗಜದ ಸೀರೆಯಾದರೆ ಮೂರು. ಅಷ್ಟು ಬಟ್ಟೆ ಊಟದ ಬೆಲ್ ಹೊಡೆಯುವಷ್ಟರಲ್ಲಿ ಅವರ ಮೆಷಿನ್ ದಾಟಿರುತ್ತದೆ. ನಗೋ ನಗು. ಆಮೇಲೆ ಸೀರಿಯಸ್ಸಾಗಿ ಬರೆದರು.

ಒಂದೇ ಫಾರಂ ಜೆರಾಕ್ಸ್ ಮಾಡಿಸಿ ಎಲ್ಲರ ಹತ್ತಿರ ಸಹಿ ಹಾಕಿಸೋಣ ಅನ್ನುವ ಸಲಹೆಯೂ ಬಂತು. ನಾನು ಬೇಡ ಅಂದೆ. ಒಂದೇ ಥರದ ನೂರು ಅರ್ಜಿ ಇದ್ದರೆ ಓದುವವರು ಒಂದನ್ನು ಓದಿ ಪಕ್ಕಕ್ಕಿಡುತ್ತಾರೆ. ಬಾಡಿಗೆ ಎಷ್ಟು, ನೀರಿನ ಕ್ಯಾನ್ ಎಷ್ಟು, ಮಗುವಿನ ಸ್ಕೂಲ್ ಫೀಸ್ ಎಷ್ಟು, ತಿಂಗಳ ಕೊನೆಗೆ ಯಾರ ಹತ್ತಿರ ಕೈಸಾಲ, ಇಷ್ಟನ್ನು ಅವರವರ ಮಾತಿನಲ್ಲೇ ಬರೆಸಿದೆ. ಬರೆಯಲು ಬಾರದವರದ್ದನ್ನು ಅವರ ಮಕ್ಕಳು ಬರೆದರು. ಕಾರ್ಮಿಕ ಇಲಾಖೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆವು.

ಎಲ್ಲಾ ನಿರ್ಧಾರವೂ ಸ್ಲಿಪ್ಪಿನಲ್ಲಿ ಕಾಣುವುದಿಲ್ಲ. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾಯಿತು. ಬಸ್ ಚಾರ್ಜು ಉಳಿದಿದ್ದು ಎಲ್ಲರಿಗೂ ಗೊತ್ತು. ನಾನು ನೋಡಿದ ಇನ್ನೊಂದು ವಿಷಯ ಇದೆ. ನಡೆದು ಹೋಗುವಷ್ಟು ಹತ್ತಿರದ ಫ್ಯಾಕ್ಟರಿ ಬಿಟ್ಟು ಬೇರೆ ದಾರಿಯಿಲ್ಲದವರು, ದೂರದ ಫ್ಯಾಕ್ಟರಿಯಲ್ಲಿ ಸ್ವಲ್ಪ ಜಾಸ್ತಿ ಕೊಡುತ್ತಾರೆ ಅಂತ ಬದಲಾಯಿಸಿಕೊಂಡರು. ಸೂಪರ್‌ವೈಸರ್ ಬೈದರೆ ಬಿಟ್ಟು ಹೋಗುತ್ತೇನೆ ಅನ್ನುವ ಧೈರ್ಯ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಹಾಗೇ ಇಟ್ಟು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತ್ತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನೂ ಹತ್ತಿರ ಹತ್ತಿರ ದುಪ್ಪಟ್ಟು ಮಾಡಿತು. ಅಂಗನವಾಡಿ ಸಂಜೆಯೇ ಬಾಗಿಲು ಹಾಕುತ್ತದೆ. 12 ಗಂಟೆ ಕೆಲಸ ಅಂದರೆ ಮಗುವನ್ನು ಯಾರು ಕರೆತರುತ್ತಾರೆ? ಗಂಟೆ ಬದಲಿಸುವ ಇಲಾಖೆಯೇ ಬೇರೆ, ಅಂಗನವಾಡಿ ನಡೆಸುವ ಇಲಾಖೆಯೇ ಬೇರೆ.

ಈಗ ನಾವು ಹಿಡಿದಿರುವುದು ಕ್ರೆಶ್, ಅಂದರೆ ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯ ವಿಷಯ. 2025ರ ನವೆಂಬರ್ 21ಕ್ಕೆ ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗುತ್ತಿಗೆ ಅವಧಿ ಗೊತ್ತುಮಾಡಿ ಸೇರಿಸಿಕೊಂಡವರಿಗೆ ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅನ್ನುವುದು ಒಳ್ಳೆಯದೇ. ಕ್ರೆಶ್‌ನದು ಹಾಗಲ್ಲ. ಹಳೇ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಕ್ರೆಶ್ ಇರಲೇಬೇಕಿತ್ತು. ಹೊಸದರಲ್ಲಿ ಗಂಡಸರು, ಹೆಂಗಸರು ಸೇರಿ ಒಟ್ಟು 50 ಜನ. ದೊಡ್ಡ ಫ್ಯಾಕ್ಟರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ನಲವತ್ತು ಜನರಲ್ಲಿ ಮೂವತ್ತೈದು ಹೆಂಗಸರೇ ಇರುವ ಸಣ್ಣ ಯೂನಿಟ್ಟುಗಳು ನಮ್ಮ ಗಲ್ಲಿಗಳಲ್ಲಿ ಬೇಕಾದಷ್ಟಿವೆ. ಅಂಥವು ಲೆಕ್ಕದಿಂದ ಹೊರಗೆ. ಯಾವ ಯೂನಿಟ್ಟಿನಲ್ಲಿ ಎಷ್ಟು ಜನ, ಆರು ವರ್ಷದೊಳಗಿನ ಮಕ್ಕಳು ಎಷ್ಟು ಅಂತ ಪಟ್ಟಿ ಮಾಡುತ್ತಿದ್ದೇವೆ. ಗೇಟಿನ ಮುಂದೆ ನಿಂತು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಸೆಕ್ಯುರಿಟಿಯವನು ನೋಡುತ್ತಿರುತ್ತಾನೆ. ಸಂಜೆ ನಲ್ಲಿ ನೀರು ಬಿಡುವ ಹೊತ್ತಿಗೆ ಹೋದರೆ ಬಿಂದಿಗೆ ತುಂಬುವಷ್ಟರಲ್ಲಿ ಎಲ್ಲಾ ಹೇಳುತ್ತಾರೆ. ಪಟ್ಟಿ ಪೂರ್ತಿಯಾದ ಮೇಲೆ ಮೊದಲು ನಮ್ಮ ಶಾಸಕರ ಕಚೇರಿಗೆ, ಆಮೇಲೆ ಕಾರ್ಮಿಕ ಇಲಾಖೆಗೆ ಕೊಡುತ್ತೇವೆ. ಎರಡು ಕಡೆಯೂ ಒಂದೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬರಬಾರದು ಅಂತ ಈಗಲೇ ಮಾತಾಗಿದೆ.